ನೀರು ಹಾಕಿದರೂ ಬಾಡುತ್ತಿದ್ದ ನಿಂಬೆ ಗಿಡ

ನಮ್ಮ ತಾರಸಿಯ ಕುಂಡದಲ್ಲಿ ನಿಂಬೆ ಗಿಡ ಇದೆ. ಏಪ್ರಿಲ್‌ನಲ್ಲಿ ದಿನಾ ನೀರು ಹಾಕಿದರೂ ಎಲೆ ಮುದುರಿಕೊಳ್ಳುತ್ತಿತ್ತು. ತಳದ ತೂತಿನಿಂದ ನೀರು ಸುರಿಯುತ್ತಿತ್ತಲ್ಲ, ಜಾಸ್ತಿಯೇ ಆಯಿತೇನೋ ಅಂತ ಎರಡು ದಿನ ನಿಲ್ಲಿಸಿದೆ. ಇನ್ನಷ್ಟು ಬಾಡಿತು.

ಕೊನೆಗೆ ಮತ್ತೆ ನೀರು ಹಾಕಿ ಬೆರಳು ತೂರಿಸಿ ನೋಡಿದೆ. ಮೇಲೆ ಒದ್ದೆ, ಕೆಳಗೆ ಬರೀ ಪುಡಿ! ಕುಂಡದಲ್ಲಿದ್ದದ್ದು ಮಣ್ಣು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸೇರಿಸಿದ ಮಿಶ್ರಣ. ಅದು ಪೂರ್ತಿ ಒಣಗಿದರೆ ಬೇಗ ನೀರು ಹೀರುವುದಿಲ್ಲ. ಕುಗ್ಗಿದ ಮಣ್ಣಿಗೂ ಕುಂಡಕ್ಕೂ ನಡುವಿನ ಸಂದಿಯಲ್ಲಿ ನೀರು ಸುಮ್ನೆ ಜಾರಿ ಹೋಗುತ್ತಿತ್ತು.

ಬಟ್ಟೆ ನೆನೆಸುವ ಟಬ್ಬಿಗೆ ನೀರು ತುಂಬಿ ಕುಂಡವನ್ನೇ ಇಳಿಸಿದೆ. ಗುಳುಗುಳು ಅಂತ ಗುಳ್ಳೆ ಎದ್ದವು. ಅರ್ಧ ಗಂಟೆಗೆ ನಿಂತವು. ಎತ್ತುವಾಗ ಸೊಂಟ ಹಿಡಿಯಿತು, ಅಷ್ಟು ಭಾರ! ನೀರು ಬಸಿದ ಮೇಲೆ ಸಂದಿಗೆ ಮಣ್ಣು ತುಂಬಿ, ಮೇಲೆ ತೆಂಗಿನ ನಾರು ಹಾಸಿದೆ. ಮೂರನೇ ದಿನ ಎಲೆ ಬಿಚ್ಚಿಕೊಂಡಿತು.