ಪುಣೆಯ ಆ ಒದ್ದೆ ಅಕ್ಟೋಬರನ್ನು ನಾನು ಅಳೆದದ್ದು ಹೀಗೆ

2019ರ ಅಕ್ಟೋಬರ್ ಅಂದರೆ ಮಹಾರಾಷ್ಟ್ರದಲ್ಲಿ ಬಹಳ ಜನಕ್ಕೆ ನೆನಪಾಗುವುದು ಸಾತಾರಾದ ಸಭೆ. 18ನೇ ತಾರೀಖು ಶರದ್ ಪವಾರ್ ಸುರಿಯುವ ಮಳೆಯಲ್ಲೇ ನಿಂತು ಭಾಷಣ ಮಾಡಿದ್ದರು, ಮೂರು ದಿನ ಬಿಟ್ಟು ಮತದಾನ ಇತ್ತು. ಪುಣೆಯವರಿಗೆ ಆ ಮಳೆ ಹೊಸದೇನಲ್ಲ. ಆ ತಿಂಗಳು ಇಲ್ಲಿ ಮಧ್ಯಾಹ್ನದ ಮೇಲೆ ಕೊಡೆ ಇಲ್ಲದೆ ಹೊರಗೆ ಕಾಲಿಟ್ಟವರು ನೆನೆದೇ ಬರಬೇಕಿತ್ತು. 27ಕ್ಕೆ ದೀಪಾವಳಿ, ಆಕಾಶಬುಟ್ಟಿಗೆಲ್ಲ ಪ್ಲಾಸ್ಟಿಕ್ ಚೀಲ ಸುತ್ತಿ ತೂಗುಹಾಕಿದ್ದರು.

ಮಳೆಯ ಮಾತು ಎಲ್ಲರೂ ಆಡಿದರು. ಆದರೆ ಆ ತಿಂಗಳಲ್ಲಿ ನಿಜಕ್ಕೂ ವಿಚಿತ್ರ ಅಂತ ನನಗೆ ಅನ್ನಿಸಿದ್ದು ರಾತ್ರಿಗಳು. ಮಳೆ ಬಂದರೆ ತಂಪಾಗಬೇಕಲ್ವಾ? ಹಗಲು ಆಯಿತು, ರಾತ್ರಿ ಆಗಲಿಲ್ಲ. ಇದನ್ನು ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ, ಟೆರೇಸಿನ ಮೇಲೆ ಇಟ್ಟ ಸಾಮಾನು ನೋಡಿ ಬರೆದುಕೊಂಡದ್ದು. ಅದನ್ನು ಹೇಗೆ ಮಾಡಿದೆ ಅಂತ ಕೆಲವರು ಕೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಧನಕವಡಿ, ಕಾತ್ರಜ್ ಗುಡ್ಡದ ಬುಡ. ಮೂಲ ಇಂಡಿ ತಾಲೂಕು. ಮಳೆಮಾಪಕ ಮನೆಯಲ್ಲೇ ಮಾಡಿದ್ದು: ಬಾಯಿ 16 ಸೆಂಟಿಮೀಟರ್ ಅಗಲದ ಒಂದು ಲಾಳಿಕೆ, ಕೆಳಗೆ ಐದು ಲೀಟರಿನ ಎಣ್ಣೆ ಕ್ಯಾನ್. 16 ಸೆಂಟಿಮೀಟರೇ ಯಾಕೆ ಅಂದರೆ ಲೆಕ್ಕ ಸಲೀಸು. ಆ ಬಾಯಿಯ ವಿಸ್ತೀರ್ಣ 201 ಚದರ ಸೆಂಟಿಮೀಟರ್ ಬರುತ್ತದೆ, 200 ಅಂತ ಹಿಡಿದರೆ ನಡೆಯುತ್ತದೆ. ಅಲ್ಲಿಗೆ 20 ಮಿಲಿಲೀಟರ್ ನೀರು ಅಂದರೆ ಒಂದು ಮಿಲಿಮೀಟರ್ ಮಳೆ. ಹವಾಮಾನ ಇಲಾಖೆ 2.5 ಮಿ.ಮೀ. ಬಿದ್ದರೆ ಮಾತ್ರ ಅದನ್ನು ಮಳೆ ದಿನ ಅಂತ ಎಣಿಸುತ್ತದೆ, ನನ್ನ ಕ್ಯಾನಿನಲ್ಲಿ ಅದು 50 ಮಿಲಿಲೀಟರ್, ಅರ್ಧ ಕಪ್ ಚಹಾದಷ್ಟು. ಭಾರಿ ಮಳೆ ಶುರುವಾಗುವುದು 64.5 ಮಿ.ಮೀ.ಯಿಂದ, ಅಂದರೆ 1290 ಮಿಲಿಲೀಟರ್. ಸಣ್ಣ ಮಳೆಗೆ ಔಷಧಿ ಅಂಗಡಿಯ ದೊಡ್ಡ ಸಿರಿಂಜು ಸಾಕು, ದೊಡ್ಡದಕ್ಕೆ ಅಡುಗೆಮನೆಯ ಅಳತೆ ಲೋಟ.

ಲಾಳಿಕೆಯ ಅಂಚು ನೆಟ್ಟಗೆ ಮಟ್ಟವಾಗಿರಬೇಕು. ಪಕ್ಕದ ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟಾದರೂ ದೂರ ಇಡಬೇಕು. ನೀರಿನ ಟ್ಯಾಂಕಿನ ಪಕ್ಕ ಇಟ್ಟವರ ಲೆಕ್ಕ ನಾನು ನಂಬುವುದಿಲ್ಲ. ಟೆರೇಸಿನ ನೆಲಕ್ಕೆ ಬಿದ್ದ ಹನಿ ಪುಟಿದು ಒಳಗೆ ಹೋಗಬಾರದು ಅಂತ ಸುತ್ತ ಗೋಣಿಚೀಲ ಹಾಸಿದ್ದೆ. ಐದು ಲೀಟರಿನ ಕ್ಯಾನು 250 ಮಿ.ಮೀ. ತನಕ ತಡೆಯುತ್ತದೆ, ನಡುವೆ ಹೋಗಿ ಖಾಲಿ ಮಾಡುವ ಪಂಚಾಯಿತಿ ಇಲ್ಲ. ಇದು ಅಕ್ಟೋಬರಿನಲ್ಲಿ ಬಹಳ ಮುಖ್ಯ. ಜುಲೈ ಮಳೆ ಜಿಟಿಜಿಟಿ, ಕೊಡೆ ಹಿಡಿದು ಹೋಗಿ ನೋಡಿ ಬರಬಹುದು. ಅಕ್ಟೋಬರ್ ಮಳೆ ಸಿಡಿಲು ಕಟ್ಟಿಕೊಂಡೇ ಬರುವುದು. ಮಿಂಚು ಕಂಡು ಗುಡುಗು ಕೇಳುವಷ್ಟರಲ್ಲಿ ಎಷ್ಟು ಸೆಕೆಂಡು ಅಂತ ಎಣಿಸಿ, ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಮೂವತ್ತಕ್ಕಿಂತ ಕಡಿಮೆ ಬಂತೋ, ಟೆರೇಸ್ ಬಾಗಿಲು ಹಾಕಿ ಕೆಳಗೆ ಇಳಿಯಿರಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವ ತನಕ ಮೇಲೆ ಹತ್ತಬೇಡಿ. ಮಳೆ ಲೆಕ್ಕ ಎಲ್ಲಿಗೂ ಓಡಿ ಹೋಗುವುದಿಲ್ಲ.

ಇನ್ನು ಹೊತ್ತು. ಇಲಾಖೆಯ ದಿನ ಬೆಳಗ್ಗೆ ಎಂಟೂವರೆಗೆ ಮುಗಿಯುತ್ತದೆ. ನಿನ್ನೆ ಎಂಟೂವರೆಯಿಂದ ಇವತ್ತು ಎಂಟೂವರೆ ತನಕ ಬಿದ್ದದ್ದೆಲ್ಲ ಇವತ್ತಿನ ತಾರೀಖಿಗೆ ಜಮಾ. ಅಕ್ಟೋಬರಿನಲ್ಲಿ ಮಳೆ ಬರುವುದೇ ಸಂಜೆ, ಹಾಗಾಗಿ 9ರ ಸಂಜೆ ನೆನೆದದ್ದು ಪಟ್ಟಿಯಲ್ಲಿ 10ಕ್ಕೆ ಕಾಣುತ್ತದೆ. ಪೇಪರಿನಲ್ಲಿ ಒಂದು ತಾರೀಖು, ಪಟ್ಟಿಯಲ್ಲಿ ಇನ್ನೊಂದು, ಜನ ಜಗಳಕ್ಕೆ ಬೀಳುವುದು ಇಲ್ಲೇ. ನಾನೂ ಎಂಟೂವರೆಗೇ ಅಳೆಯುತ್ತೇನೆ. ಇಲ್ಲದಿದ್ದರೆ ಶಿವಾಜಿನಗರದ ಸಿಮ್ಲಾ ಆಫೀಸಿನ ಅಂಕಿಯ ಜೊತೆ ಹೋಲಿಸಿ ಪ್ರಯೋಜನ ಇಲ್ಲ. (ಇಲಾಖೆಯ ಮುಖ್ಯ ಕಚೇರಿ 1928ರಲ್ಲಿ ಸಿಮ್ಲಾದಿಂದ ಇಲ್ಲಿಗೆ ಬಂತು, ಮುಖ್ಯ ಕಚೇರಿ ದಿಲ್ಲಿಗೆ ಹೋಗಿ ಎಷ್ಟೋ ಕಾಲವಾಯಿತು, ಬಸ್ ಕಂಡಕ್ಟರಿಗೆ ಇವತ್ತಿಗೂ ಸಿಮ್ಲಾ ಆಫೀಸ್ ಅಂದರೇ ಗೊತ್ತಾಗುವುದು.)

ಈಗ ರಾತ್ರಿಯ ಮಾತು. ನನ್ನ ಹತ್ತಿರ ಇರುವುದು ಹಳೇ ಕಾಲದ ಗರಿಷ್ಠ-ಕನಿಷ್ಠ ಥರ್ಮಾಮೀಟರ್, ಇಂಗ್ಲಿಷಿನ ಯು ಅಕ್ಷರದ ಹಾಗೆ ಬಾಗಿದ ಗಾಜಿನ ಕೊಳವೆ. ಒಳಗೆ ಎರಡು ಪುಟ್ಟ ಕಡ್ಡಿಗಳಿರುತ್ತವೆ. ಪಾದರಸ ಅವನ್ನು ತಳ್ಳುತ್ತದೆ, ತಾನು ಹಿಂದೆ ಸರಿದರೂ ಕಡ್ಡಿ ಅಲ್ಲೇ ಉಳಿಯುತ್ತದೆ. ಕಡ್ಡಿಯ ಕೆಳತುದಿ ಎಲ್ಲಿದೆ ನೋಡಿ ಬರೆದುಕೊಂಡು, ಅಯಸ್ಕಾಂತ ತಾಗಿಸಿ ಮತ್ತೆ ಪಾದರಸದ ಮೇಲೆ ಕೂರಿಸಬೇಕು. ಬಿಸಿಲು ಬೀಳದ ಹಾಗೆ, ಗಾಳಿ ಆಡುವ ಹಾಗೆ ಅದಕ್ಕೊಂದು ಗೂಡು ಬೇಕು. ಬಿಳಿ ಬಣ್ಣ ಹೊಡೆದ ಮರದ ಪಟ್ಟಿಗಳ ಪೆಟ್ಟಿಗೆ, ಬಾಗಿಲು ಉತ್ತರಕ್ಕೆ, ನೆಲದಿಂದ ಹೆಚ್ಚುಕಡಿಮೆ ನಾಲ್ಕು ಅಡಿ ಮೇಲೆ.

ಪುಣೆಯ ಅಕ್ಟೋಬರಿನ ಮಾಮೂಲಿ ಸ್ವಭಾವ ಗೊತ್ತಿದ್ದವರಿಗೆ ಇದು ಬೇಗ ಅರ್ಥ ಆಗುತ್ತದೆ. ಮೋಡ ಚದುರಿ ಹೋಗಿರುತ್ತದೆ, ಹಗಲು ಸುಡುವ ಬಿಸಿಲು, ಅದಕ್ಕೇ ಇಲ್ಲಿ ಎಲ್ಲರ ಬಾಯಲ್ಲೂ ಅಕ್ಟೋಬರ್ ಹೀಟ್ ಅನ್ನುವ ಮಾತು. ಆದರೆ ರಾತ್ರಿ ಆಕಾಶ ತಿಳಿಯಾಗಿ, ನೆಲದ ಕಾವು ನೇರ ಮೇಲಕ್ಕೆ ಹೋಗಿ, ಬೆಳಗಿನ ಜಾವ 18-19 ಡಿಗ್ರಿಗೆ ಇಳಿಯುತ್ತದೆ. ತಿಂಗಳ ಕೊನೆಗೆ ಇನ್ನೂ ಕೆಳಗೆ, ಸ್ವೆಟರ್ ಹೊರಗೆ ಬರುವ ಹೊತ್ತು. 2019ರಲ್ಲಿ ಇದು ತಲೆಕೆಳಗಾಯಿತು. ಹಗಲಿಗೆ ಮೋಡ ಅಡ್ಡ ಬಂದು ಬಿಸಿಲು ಕಡಿಮೆಯಾಯಿತು. ಅದೇ ಮೋಡ ರಾತ್ರಿ ನೆಲಕ್ಕೆ ಕೌದಿ ಹೊದಿಸಿದ ಹಾಗೆ ಕೂತುಬಿಟ್ಟಿತು. ಸಾಲದ್ದಕ್ಕೆ ಗಾಳಿಯ ತುಂಬ ತೇವ, ಅದೂ ಕಾವನ್ನು ಹಿಡಿದಿಡುತ್ತದೆ. ನನ್ನ ಕನಿಷ್ಠದ ಕಡ್ಡಿ ಎಷ್ಟೋ ಬೆಳಗ್ಗೆ 21-22ರಲ್ಲೇ ನಿಂತಿರುತ್ತಿತ್ತು, ದೀಪಾವಳಿಯ ಎಣ್ಣೆಸ್ನಾನದ ದಿನವೂ ಫ್ಯಾನ್ ಹಾಕಿಕೊಂಡೇ ಎದ್ದೆವು.

ಇಲ್ಲೊಂದು ಸೂಕ್ಷ್ಮ ಇದೆ, ಟೆರೇಸಿನ ಮೇಲೆ ಅಳೆಯುವ ಎಲ್ಲರಿಗೂ ಬೇಕಾದದ್ದು. ಸಂಜೆ ಗುಡುಗು ಮಳೆ ಬರುವಾಗ ಮೇಲಿನಿಂದ ತಣ್ಣನೆಯ ಗಾಳಿ ದಬಕ್ಕಂತ ಇಳಿಯುತ್ತದೆ. ನಾಲ್ಕು ಗಂಟೆಗೆ 30 ಇದ್ದದ್ದು ಕಾಲು ಗಂಟೆಯಲ್ಲಿ 21 ಆಗುತ್ತದೆ. ಮಳೆ ನಿಂತ ಮೇಲೆ ಮತ್ತೆ ಏರಿ, ರಾತ್ರಿಯೆಲ್ಲ 22-23 ಅಂತ ಸೆಖೆ. ಬೆಳಗ್ಗೆ ಎದ್ದು ನೋಡಿದರೆ ಕಡ್ಡಿ 21 ತೋರಿಸುತ್ತದೆ, ಆದರೆ ಅದು ಬೆಳಗಿನ ಜಾವದ್ದಲ್ಲ, ನಿನ್ನೆ ಸಂಜೆಯದು! ಅದಕ್ಕೇ ಆ ತಿಂಗಳು ರಾತ್ರಿ ಊಟ ಆದ ಮೇಲೆ, ಗುಡುಗು ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಒಂದು ಸಲ ಹತ್ತಿ ಸಂಜೆಯ ಕನಿಷ್ಠ ಬೇರೆ ಬರೆದು ಕಡ್ಡಿ ಇಳಿಸಿ ಬರುತ್ತಿದ್ದೆ. ಹೀಗೆ ಎರಡು ಕಾಲಂ ಮಾಡಿದ ಮೇಲೇ ರಾತ್ರಿಯ ನಿಜವಾದ ಸೆಖೆ ಪುಸ್ತಕದಲ್ಲಿ ಕಂಡದ್ದು. ಕಾಂಕ್ರೀಟ್ ಸ್ಲ್ಯಾಬು ರಾತ್ರಿಯೂ ಕಾವು ಬಿಡುತ್ತದೆ, ಆದ್ದರಿಂದ ನನ್ನ ಅಂಕಿ ಶಿವಾಜಿನಗರಕ್ಕಿಂತ ತುಸು ಜಾಸ್ತಿಯೇ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಟೆರೇಸನ್ನು ನಿಮ್ಮ ಟೆರೇಸಿನ ಹಿಂದಿನ ವರ್ಷದ ಜೊತೆ ಹೋಲಿಸಿ.

ಮಳೆ ಬರುವ ದಿಕ್ಕೂ ಬೇರೆ. ಜೂನ್-ಜುಲೈನಲ್ಲಿ ಮೋಡ ಸಿಂಹಗಡದ ಕಡೆಯಿಂದ, ಪಶ್ಚಿಮದಿಂದ ಬರುತ್ತದೆ. ಅಕ್ಟೋಬರಿನಲ್ಲಿ ಹಡಪ್ಸರ್ ಕಡೆ ನೋಡಬೇಕು. ಬೆಳಗ್ಗೆ ಆಕಾಶ ಲಕಲಕ, ಹನ್ನೆರಡಕ್ಕೆ ಹೂಕೋಸಿನ ಗಾತ್ರದ ಮೋಡಗಳು, ಮೂರಕ್ಕೆ ಪೂರ್ವದಲ್ಲಿ ಕಪ್ಪು ಗೋಡೆ. ಇಲ್ಲಿಯವರು ಪರತೀಚಾ ಪಾವೂಸ್, ಹಿಂದಿರುಗುವ ಮಳೆ ಅನ್ನುತ್ತಾರೆ. ನಮ್ಮ ಕಡೆ ಅದೇ ಹೊತ್ತಿನ ಮಳೆಗೆ ಕುರುಡು ಚಿತ್ತಿ ಅನ್ನುವುದುಂಟು, ಎಲ್ಲಿ ಬೀಳುತ್ತದೋ ಅದಕ್ಕೇ ಗೊತ್ತಿಲ್ಲ. ಕಾತ್ರಜದಲ್ಲಿ ರಸ್ತೆ ಹೊಳೆಯಾದ ಸಂಜೆ ಪಾಷಾಣ್ ಬಡಾವಣೆಯ ಗೆಳೆಯ ಫೋನ್ ಮಾಡಿ ಗಿಡಕ್ಕೆ ನೀರು ಹಾಕುತ್ತಿದ್ದೇನೆ ಅಂದದ್ದಿದೆ. ಪುಣೆಗೆ ಇಷ್ಟು ಮಿಲಿಮೀಟರ್ ಅಂತ ಒಂದೇ ಅಂಕಿ ಓದಿ ಸುಮ್ಮನಾಗುವವರಿಗೆ ಇದು ಗೊತ್ತೇ ಆಗುವುದಿಲ್ಲ.

ಆ ವರ್ಷ ಯಾಕೆ ಹಾಗಾಯಿತು? ಮುಂಗಾರು ಹೊರಡಲೇ ಇಲ್ಲ. ಆಗಿನ ಲೆಕ್ಕದಲ್ಲಿ ಅದು ಸೆಪ್ಟೆಂಬರ್ 1ಕ್ಕೆ ರಾಜಸ್ಥಾನದಿಂದ ಹಿಂದೆ ಸರಿಯಲು ಶುರು ಮಾಡಬೇಕು. 2019ರಲ್ಲಿ ಶುರುವಾದದ್ದು ಅಕ್ಟೋಬರ್ 9ಕ್ಕೆ, ದಾಖಲೆಯಲ್ಲೇ ಅತಿ ತಡ. ಅದಕ್ಕೆ ಮುಂಚಿನ ದಾಖಲೆ 1961ರ ಅಕ್ಟೋಬರ್ 1. ಹಿಂದೂ ಮಹಾಸಾಗರದ ಪಶ್ಚಿಮ ಭಾಗ, ಆಫ್ರಿಕಾ ಕಡೆಯದು, ಆ ವರ್ಷ ವಿಪರೀತ ಬೆಚ್ಚಗಿತ್ತು, ಇಂಡೊನೇಷ್ಯಾ ಕಡೆಯದು ತಂಪು. ಇಂಡಿಯನ್ ಓಶನ್ ಡೈಪೋಲ್ ಅನ್ನುತ್ತಾರೆ. ನಮ್ಮ ಕಡೆಗೆ ತೇವಕ್ಕೆ ಬರವಿರಲಿಲ್ಲ. ಮುಂಗಾರು ಕೊನೆಗೂ 16ಕ್ಕೆ ದೇಶ ಬಿಟ್ಟಿತು, ಅದೇ ದಿನ ಹಿಂಗಾರು ಬಂತು. ಒಣಗಲು ಬಿಡುವೇ ಸಿಗಲಿಲ್ಲ. ತಿಂಗಳ ಕೊನೆಗೆ ಅರಬ್ಬಿ ಸಮುದ್ರದಲ್ಲಿ ಕ್ಯಾರ್, 2007ರ ಗೋನು ಆದ ಮೇಲೆ ಅಲ್ಲಿ ಎದ್ದ ಮೊದಲ ಸೂಪರ್ ಸೈಕ್ಲೋನ್. ಅದು ಇನ್ನೂ ಸಮುದ್ರದಲ್ಲಿ ಇರುವಾಗಲೇ ಹಿಂದೆ ಮಹಾ ಅನ್ನುವ ಇನ್ನೊಂದು. ಪುಣೆಗೆ ಅಕ್ಟೋಬರಿನಲ್ಲಿ ಸಾಮಾನ್ಯವಾಗಿ 80-90 ಮಿ.ಮೀ. ಆಸುಪಾಸು ಮಳೆ, ಆ ಸಲ ಅದನ್ನು ಎಲ್ಲೋ ದಾಟಿ ಹೋಯಿತು. ಮರುವರ್ಷ ಇಲಾಖೆ ಮುಂಗಾರು ಮರಳುವ ತಾರೀಖುಗಳನ್ನೇ ಬದಲಾಯಿಸಿತು: ರಾಜಸ್ಥಾನಕ್ಕೆ ಸೆಪ್ಟೆಂಬರ್ 17, ಮುಂಬೈಗೆ ಸೆಪ್ಟೆಂಬರ್ 29 ಇದ್ದದ್ದು ಅಕ್ಟೋಬರ್ 8. ಒಂದು ವರ್ಷಕ್ಕೆ ಹೆದರಿ ಮಾಡಿದ್ದಲ್ಲ ಅದು, ಎಷ್ಟೋ ವರ್ಷಗಳ ಲೆಕ್ಕ ನೋಡಿ ಮಾಡಿದ್ದು.

ನನ್ನ ಈ ಪುಸ್ತಕದ ಮೇಲೆ ಊರಿನವರ ಕಣ್ಣು ಯಾಕೆ ಅಂದರೆ, ಇಲ್ಲಿ ಬಿದ್ದ ನೀರು ಅವರ ಹೊಲದ ಪಕ್ಕ ಹೋಗುತ್ತದೆ. ಮುಠಾ, ಮುಳಾ-ಮುಠಾ, ಭೀಮಾ, ಉಜನಿ, ಪಂಢರಪುರ, ಆಮೇಲೆ ಇಂಡಿ, ಅಫಜಲಪುರ. ಅಕ್ಟೋಬರ್ ಹೊತ್ತಿಗೆ ಖಡಕ್‌ವಾಸಲಾ, ಉಜನಿ ಅಣೆಕಟ್ಟುಗಳೆಲ್ಲ ತುಂಬಿ ಕೂತಿರುತ್ತವೆ, ಬಿದ್ದದ್ದನ್ನು ಹಿಡಿಯಲು ಜಾಗ ಇರುವುದಿಲ್ಲ. 2020ರ ಅಕ್ಟೋಬರ್ ಮಧ್ಯದಲ್ಲಿ ಬಂಗಾಳ ಕೊಲ್ಲಿಯಿಂದ ಬಂದ ವಾಯುಭಾರ ಕುಸಿತ ಹೈದರಾಬಾದ್ ಮುಳುಗಿಸಿ, ಸೊಲ್ಲಾಪುರ ದಾಟಿ ಪುಣೆಯ ತನಕ ಸುರಿದಾಗ ಭೀಮಾ ತೀರ ನೀರಲ್ಲಿ ನಿಂತಿತು. ಅವತ್ತಿನಿಂದ ಚಿತ್ತಿ ಮಳೆ ಜೋರಾದರೆ ಚಿಕ್ಕಪ್ಪ ಮೊದಲು ಕೇಳುವುದು ಕ್ಯಾನಿನಲ್ಲಿ ಎಷ್ಟು ಲೀಟರ್ ಇದೆ ಅಂತ. ಮಿಲಿಮೀಟರ್ ಅವರಿಗೆ ಬೇಡ. ನಾನು ಲೀಟರಿನಲ್ಲೇ ಹೇಳುತ್ತೇನೆ, ಜೊತೆಗೆ ಖಡಕ್‌ವಾಸಲಾ ಎಷ್ಟು ಕ್ಯೂಸೆಕ್ ಬಿಡುತ್ತಿದೆ ಅಂತಲೂ. ತೊಗರಿ ಹೊಲದ ನೀರಿನ ದಾರಿ ಬಿಡಿಸುವುದೋ, ಪಂಪ್‌ಸೆಟ್ ಎತ್ತುವುದೋ ಅವರು ನೋಡಿಕೊಳ್ಳುತ್ತಾರೆ.

ಶುರು ಮಾಡುವವರಿದ್ದರೆ ಒಂದು ಮಾತು: ಮಳೆಮಾಪಕ ಆಮೇಲೆ ಮಾಡಿ, ಮೊದಲು ಥರ್ಮಾಮೀಟರ್ ತನ್ನಿ, ಅದೂ ಸೆಪ್ಟೆಂಬರಿನಲ್ಲೇ. ಅಕ್ಟೋಬರಿಗೆ ತಂದರೆ ಹೋಲಿಸಲು ಹಿಂದಿನದು ಏನೂ ಇರುವುದಿಲ್ಲ.