ಧರೆಯಲ್ಲೊಂದು ಜೇನಿನ ಕೇರಿ: ತೋಟದಲ್ಲಿ ಕಾಡುಜೇನಿಗೆ ನೆಲೆ ಮಾಡಿಕೊಡುವ ಬಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟಗಳಲ್ಲಿ ಪರಾಗಸ್ಪರ್ಶದ ಮಾತು ಬಂದರೆ ಮೊದಲು ನೆನಪಾಗುವುದು ತುಡುವೆ ಎಂಬ ಸಾಕುಜೇನಿನ ಪೆಟ್ಟಿಗೆ. ಏಲಕ್ಕಿಗೆ ಜೇನು ಬೇಕೇ ಬೇಕು. ಆ ಹೂವಿನಲ್ಲಿ ಹೆಣ್ಣು ಭಾಗವಾದ ಶಲಾಕೆಯ ತುದಿ ಪರಾಗಕೋಶಕ್ಕಿಂತ ಮೇಲಿರುವುದರಿಂದ ಜೇನು ನುಗ್ಗದಿದ್ದರೆ ಕಾಯಿ ಕಚ್ಚುವುದು ಕಷ್ಟ, ಮೇಲಾಗಿ ಹೂವಿನ ಆಯುಸ್ಸು ಒಂದೇ ದಿನ. ಆದರೆ ಬದನೆ, ಟೊಮೆಟೊ ಹೂಗಳ ಕಥೆ ಬೇರೆ. ಅವುಗಳ ಪರಾಗ ಸಣ್ಣ ರಂಧ್ರದಿಂದ ಹೊರಬರಬೇಕು. ಹೂವನ್ನು ಅವುಚಿ ಹಿಡಿದು ಮೈ ಅದುರಿಸುವ ಕೀಟಕ್ಕೆ ಅದು ಚೆನ್ನಾಗಿ ಉದುರುತ್ತದೆ. ಈ ವಿದ್ಯೆ ತುಡುವೆಗೆ ಗೊತ್ತಿಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ, ಗುಂಪು ಕಟ್ಟದೆ ತನ್ನದೇ ಗೂಡು ಮಾಡುವ ಒಂಟಿ ಜೇನಿಗೂ ಮರ ಕೊರೆಯುವ ಕಪ್ಪು ದುಂಬಿಗೂ ಗೊತ್ತು.

ಆದ್ದರಿಂದ ಇವಕ್ಕೂ ತೋಟದಲ್ಲಿ ನೆಲೆ ಬೇಕು. ಮೊದಲ ಕೆಲಸ ಖರ್ಚಿನದ್ದಲ್ಲ, ನೋಡುವುದು. ಮಳೆ ಬಿಟ್ಟ ಬಿಸಿಲಿನ ಬೆಳಿಗ್ಗೆ ತೋಟದ ಧರೆಯ, ಅಂದರೆ ಕಡಿದಾದ ಮಣ್ಣಿನ ದಂಡೆಯ, ಬುಡದಲ್ಲಿ ನಿಧಾನವಾಗಿ ನಡೆಯಿರಿ. ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳೂ ಅವುಗಳ ಕೆಳಗೆ ಉದುರಿದ ನುಣ್ಣನೆಯ ಮಣ್ಣೂ ಕಂಡರೆ ಅಲ್ಲಿ ಒಂಟಿ ಜೇನುಗಳ ಸಂಸಾರವಿರಬಹುದು. ಜೇನಿನ ಜಾತಿಗಳಲ್ಲಿ ಹೆಚ್ಚಿನವು ಗೂಡು ಮಾಡುವುದು ಮಣ್ಣಿನಲ್ಲೇ. ವರ್ಷವೂ ಧರೆ ಕೆತ್ತಿ ಚೊಕ್ಕಟ ಮಾಡುವ ನಮ್ಮ ಅಭ್ಯಾಸ ಅವಕ್ಕೆ ಮನೆ ಕೆಡವಿದಂತೆ. ಬಿಸಿಲು ಬೀಳುವ, ನೀರು ನೇರ ಹರಿಯದ ಹತ್ತಡಿ ಜಾಗವನ್ನಾದರೂ ಕೆತ್ತದೆ, ಸೊಪ್ಪು ಮುಚ್ಚದೆ ಬಿಡಿ. ಒಣಗಿದ ಮರದ ಕೊರಡೊಂದನ್ನು ಸೌದೆ ಮಾಡದೆ ಉಳಿಸಿದರೆ ದುಂಬಿಗೂ ಜಾಗವಾಯಿತು.

ಎರಡನೆಯದು ಬಿದಿರಿನ ಕಟ್ಟು. ಸಣ್ಣ ಬಿದಿರು ಅಥವಾ ವಾಟೆಯನ್ನು ಗೇಣುದ್ದಕ್ಕೆ, ಒಂದು ತುದಿ ಗೆಣ್ಣಿನಿಂದ ಮುಚ್ಚಿರುವಂತೆ ಕತ್ತರಿಸಿ. ಒಳಗಿನ ತೂತು 4ರಿಂದ 10 ಮಿಲಿಮೀಟರ್ ಇರಲಿ, ಎಲ್ಲ ಒಂದೇ ಅಳತೆಯದು ಬೇಡ. ಬಾಯಿಯ ಸಿಬಿರನ್ನು ಮರಳು ಕಾಗದದಿಂದ ಉಜ್ಜಿ ತೆಗೆಯದಿದ್ದರೆ ರೆಕ್ಕೆ ಹರಿಯುತ್ತದೆ. ಇಪ್ಪತ್ತು ಮೂವತ್ತನ್ನು ಒಟ್ಟಿಗೆ ಕಟ್ಟಿ, ಮೇಲೆ ಅಡಿಕೆ ಹಾಳೆ ಹೊದಿಸಿ, ಕೊಟ್ಟಿಗೆಯ ಸೂರಿನಡಿ ಎದೆಮಟ್ಟದಲ್ಲಿ, ಪೂರ್ವಕ್ಕೆ ಬಾಯಿ ಮಾಡಿ, ಅಲುಗದಂತೆ ಬಿಗಿಯಿರಿ. ನಮ್ಮ ಮಳೆಗೆ ಎರಚಲು ತಾಗಿದರೆ ಬೂಷ್ಟು ಖಂಡಿತ. ತೂತಿನ ಬಾಯಿಗೆ ಎಲೆಯ ಚೂರೋ ಮಣ್ಣೋ ಮೆತ್ತಿದ್ದು ಕಂಡರೆ ಒಳಗೆ ಮೊಟ್ಟೆ, ಮರಿಗಳಿವೆ ಎಂದು ತಿಳಿದು ಮುಟ್ಟದಿರಿ. ಮರಿಗಳು ಹಾರಿಹೋದ ಬಳಿಕ ಹಳೆಯ ಕೊಳವೆಗಳನ್ನು ಬದಲಿಸಬೇಕು, ಇಲ್ಲವಾದರೆ ನುಸಿ, ಪರೋಪಜೀವಿಗಳ ಕಾಟ. ಒಂಟಿ ಕಣಜ ಸೇರಿಕೊಂಡರೂ ಗಾಬರಿ ಬೇಡ. ಹಲವು ಜಾತಿಯವು ಬೆಳೆಯ ಹುಳುಗಳನ್ನೇ ಹಿಡಿದು ಮರಿಗೆ ಉಣಿಸುತ್ತವೆ.

ಮನೆಯಿದ್ದರೂ ಊಟ ಬೇಕು. ಬೇಸಿಗೆಯಲ್ಲಿ ನೇರಳೆ ಹೂ ಬಿಟ್ಟಾಗ ಕೊರತೆಯಿಲ್ಲ. ಬರಗಾಲ ಬರುವುದು ಜಡಿಮಳೆಯ ತಿಂಗಳುಗಳಲ್ಲಿ. ಬೇಲಿಯಂಚಿಗೆ ತುಳಸಿ, ಕಾಮಕಸ್ತೂರಿ ನೆಡಿ, ಮಳೆ ಹಿಂದಾದ ಮೇಲೆ ಹುಚ್ಚೆಳ್ಳು ಹೂ ಬಿಡುವಂತೆ ಬಿತ್ತಿ. ಬೇಣದ (ಹುಲ್ಲುಗಾವಲಿನ) ನಾಚಿಕೆಮುಳ್ಳು ಕಾಲಿಗೆ ಶತ್ರುವಾದರೂ ಜೇನಿಗೆ ಪರಾಗ ಕೊಡುವ ಗಿಡ. ಒಂದು ಮೂಲೆಯಲ್ಲಿ ಸಹಿಸಿಕೊಳ್ಳಬಹುದು. ಸಣ್ಣ ಒಂಟಿ ಜೇನುಗಳು ಗೂಡಿನಿಂದ ಕೆಲವು ನೂರು ಮೀಟರ್‌ಗಿಂತ ಹೆಚ್ಚು ದೂರ ಹೋಗುವುದು ಅಪರೂಪ, ಆದ್ದರಿಂದ ಹೂವು ಹತ್ತಿರವೇ ಇರಬೇಕು.

ಸಿಂಪರಣೆಯ ವಿಷಯದಲ್ಲಿ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಬಿಡಿ ಎಂದು ಯಾರೂ ಹೇಳಲಾರರು. ಬಿಡಬೇಕಾದದ್ದು ಸಾಲಿನ ನಡುವಿನ ಹೂಗಿಡಗಳನ್ನು ಒಮ್ಮೆಗೇ ಸುಡುವ ಕಳೆನಾಶಕವನ್ನು. ಕೀಟನಾಶಕ ಅನಿವಾರ್ಯವಾದರೆ ಹೂ ತೆರೆದಿರುವ ಬೆಳಗಿನ ಹೊತ್ತು ಬೇಡ, ಸಂಜೆ ಜೇನು ಗೂಡು ಸೇರಿದ ಮೇಲೆ ಹೊಡೆಯಿರಿ.

ಈ ವರ್ಷ ಕೆಲಸ ಶುರು ಮಾಡುವ ಮುನ್ನವೇ ಬದನೆಯ ಒಂದು ಸಾಲಿನ ಎದುರು ಬೆಳಿಗ್ಗೆ ಹತ್ತು ನಿಮಿಷ ಕುಳಿತು, ಬಂದ ಜೇನುಗಳನ್ನು ಎಣಿಸಿ ಬರೆದಿಡಿ. ಮುಂದಿನ ವರ್ಷ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಇನ್ನೊಮ್ಮೆ ಎಣಿಸಿ.