ಗಂಟೆಗೆ 150ರಿಂದ 240: ನಮ್ಮ ಸೆಕ್ಯುರಿಟಿ ಲೇನ್ ಓಡಿದ ಬಗೆ

ಕಳೆದ ತಿಂಗಳ ಒಂದು ಸೋಮವಾರ ಬೆಳಗಿನ ಐದರಿಂದ ಆರು ಗಂಟೆಯೊಳಗೆ ನಮ್ಮ ವಿಮಾನ ನಿಲ್ದಾಣದ, ಟ್ರೇ ತಾನಾಗಿ ಓಡುವ ಮೂರು ಸೆಕ್ಯುರಿಟಿ ಲೇನ್‌ಗಳಲ್ಲಿ 720 ಜನ ಚೆಕಿಂಗ್ ಮುಗಿಸಿ ಒಳಗೆ ಹೋದರು. ಎಣಿಸಿದ್ದು ನಾನೇ, ಕೈಯಲ್ಲಿ ಕೌಂಟರ್ ಹಿಡಿದು ನಿಂತಿದ್ದೆ. ಎರಡು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು "ಈ ಲೇನ್ ನಮ್ಮ ಜನಕ್ಕೆ ಆಗಲ್ಲ ಬಿಡಿ" ಅಂದವರಲ್ಲಿ ಇಬ್ಬರು ಈಗ ತಮ್ಮ ನಿಲ್ದಾಣದಿಂದ ಫೋನ್ ಮಾಡಿ, ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ. ಅದಕ್ಕೇ ಬರೆಯಲು ಕೂತೆ.

ನಿಲ್ದಾಣದ ಹೆಸರು ಬೇಡ. ದಕ್ಷಿಣದ್ದು, ಮಧ್ಯಮ ಗಾತ್ರದ್ದು, ಬೆಳಗಿನ ಜಾವ ಎಲ್ಲ ವಿಮಾನಗಳೂ ಒಟ್ಟಿಗೆ ಹೊರಡುವಂಥದ್ದು. ಅಷ್ಟು ಸಾಕು. ನಾನು ಟರ್ಮಿನಲ್ ಆಪರೇಷನ್ಸ್‌ನಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ಇಲ್ಲಿನ ಲೆಕ್ಕ ಎಲ್ಲ ನೆನಪಿನಿಂದ ಬರೆದದ್ದು, ಸ್ವಲ್ಪ ಆಚೀಚೆ ಇರಬಹುದು.

ಈ ಲೇನ್‌ಗಳ ಹುಚ್ಚು ನನಗೆ ಹಿಡಿದದ್ದು 2016ರಲ್ಲಿ. ಆ ವರ್ಷ ಅಮೆರಿಕದ ನಿಲ್ದಾಣಗಳಲ್ಲಿ ಕ್ಯೂ ವಿಪರೀತ ಬೆಳೆದಿತ್ತು. ಅಟ್ಲಾಂಟಾದಲ್ಲಿ ಡೆಲ್ಟಾ ವಿಮಾನ ಕಂಪನಿ ಮತ್ತು ನಿಲ್ದಾಣಗಳಲ್ಲಿ ಚೆಕಿಂಗ್ ನಡೆಸುವ ಅಲ್ಲಿನ ಸರ್ಕಾರಿ ಸಂಸ್ಥೆ ಟಿಎಸ್‌ಎ ಸೇರಿ ಎರಡು ಹೊಸ ಲೇನ್ ಹಾಕಿದರು. ಒಂದೇ ಸಲ ಐದು ಜನ ಅಕ್ಕಪಕ್ಕ ನಿಂತು ಟ್ರೇ ತುಂಬಬಹುದು. ಖಾಲಿ ಟ್ರೇ ತಾನಾಗಿ ಕೆಳಗಿನಿಂದ ವಾಪಸ್ ಬರುತ್ತದೆ. ಅನುಮಾನದ ಬ್ಯಾಗ್ ಪಕ್ಕದ ಬೆಲ್ಟಿಗೆ ಹೊರಳಿಕೊಳ್ಳುತ್ತದೆ, ಹಿಂದಿನವರ ಬ್ಯಾಗ್ ನಿಲ್ಲುವುದಿಲ್ಲ. ಲಂಡನ್ನಿನಲ್ಲಿ ಇಂಥದ್ದು ಅದಕ್ಕೂ ಮುಂಚೆಯೇ ಇತ್ತು. ನಮ್ಮಲ್ಲಿ ಆಗ ಇನ್ನೂ ಕೈಚೀಲದ ಟ್ಯಾಗಿಗೆ ಸೀಲ್ ಒತ್ತುವ ಕಾಲ. ಬೆಂಗಳೂರೂ ಸೇರಿ ಕೆಲವು ದೊಡ್ಡ ನಿಲ್ದಾಣಗಳಲ್ಲಿ 2017ರಲ್ಲಿ ಆ ಸೀಲ್ ಹೋಯಿತು. ಹೊಸ ಮಷೀನ್ ಒಂದೂ ಇಲ್ಲದೆ ಎಷ್ಟು ಸಮಯ ಉಳಿಯಿತು ಅಂತ ಆ ಕಾಲದಲ್ಲಿ ಡ್ಯೂಟಿ ಮಾಡಿದವರಿಗೆ ಗೊತ್ತು.

ನಮಗೆ ಹೊಸ ಲೇನ್ ಬರಲು ತುಂಬ ವರ್ಷ ಹಿಡಿಯಿತು. ಬಂದ ದಿನವೇ ತೊಂದರೆ ಶುರುವಾಯಿತು. ಹೊಸ ಲೇನ್ ಉದ್ದ ಜಾಸ್ತಿ ಅಲ್ವಾ? ನಾಲ್ಕು ಹಳೆಯ ಲೇನ್ ಇದ್ದ ಜಾಗದಲ್ಲಿ ಮೂರೇ ಹಿಡಿದವು. ಹಳೆಯ ಒಂದು ಲೇನಿನಲ್ಲಿ ಗಂಟೆಗೆ ಸುಮಾರು 145 ಜನ ದಾಟುತ್ತಿದ್ದರು, ಅಂದರೆ ನಾಲ್ಕರಲ್ಲಿ 580. ಹೊಸದರಲ್ಲಿ 240ಕ್ಕೆ ಕಡಿಮೆ ಇಲ್ಲ ಅಂತ ಮಾರಿದವರು ಹೇಳಿದ್ದರು. ಮೊದಲ ತಿಂಗಳು ಸಿಕ್ಕಿದ್ದು 150. ಮೂರು ಲೇನ್ ಸೇರಿಸಿದರೂ 450. ಕೋಟಿಗಟ್ಟಲೆ ಸುರಿದ ಮೇಲೆ ಮೊದಲಿಗಿಂತ ಉದ್ದದ ಕ್ಯೂ! ಒಂದು ಬೆಳಿಗ್ಗೆ ಕ್ಯೂನ ಬಾಲ ಚೆಕ್-ಇನ್ ಕೌಂಟರ್ ದಾಟಿ ಗೇಟಿನ ಹತ್ತಿರ ಬಂತು. ಆ ದಿನ ಹನ್ನೊಂದು ಜನರಿಗೆ ವಿಮಾನ ತಪ್ಪಿತು. ಒಬ್ಬರು ತಮ್ಮ ತಂದೆಯ ಅಂತ್ಯಕ್ರಿಯೆಗೆ ಹೊರಟಿದ್ದರು. ಅವರ ಮುಖ ನನಗೆ ಇವತ್ತಿಗೂ ನೆನಪಿದೆ.

ಮೀಟಿಂಗಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: ಇನ್ನೊಂದು ಲೇನ್ ಬೇಕು, ಗೋಡೆ ಒಡೆಯೋಣ. ನಾನು ಆರು ತಿಂಗಳು ಕೊಡಿ ಅಂತ ಕೇಳಿದೆ. ಸುಮ್ನೆ ನಿಂತು ನೋಡುತ್ತೇನೆ ಅಂದೆ. ಕೆಲವರು ನಕ್ಕರು.

ಮೊದಲು ಕಂಡದ್ದು ಲೋಡಿಂಗ್ ಕಡೆಯ ತೊಂದರೆ. ಐದು ಜಾಗ ಇದ್ದರೂ ಎಲ್ಲರೂ ಮೊದಲನೆಯದಕ್ಕೇ ಹೋಗಿ ನಿಲ್ಲುತ್ತಿದ್ದರು. ಬಸ್ಸಿನ ಬಾಗಿಲಲ್ಲೇ ಜನ ನಿಲ್ಲುವ ಹಾಗೆ. ಐದನೆಯ ಜಾಗ ಖಾಲಿ, ನಾಲ್ಕನೆಯದೂ ಖಾಲಿ. "ಮುಂದೆ ಹೋಗಿ" ಅಂತ ಬೋರ್ಡ್ ಹಾಕಿಸಿದೆವು. ಮೂರು ಭಾಷೆಯಲ್ಲಿ, ಬೆಳಕಿರುವ ಹದಿನಾಲ್ಕು ಬೋರ್ಡು. ಮೂರೂವರೆ ಲಕ್ಷ ಆಯಿತು. ಒಬ್ಬರೂ ಓದಲಿಲ್ಲ. ಕೈಯಲ್ಲಿ ಬೋರ್ಡಿಂಗ್ ಪಾಸ್, ಹೆಗಲಲ್ಲಿ ಮಗು, ಕಣ್ಣು ಮುಂದಿನವರ ಬೆನ್ನ ಮೇಲೆ. ಯಾರು ತಲೆ ಎತ್ತಿ ಓದುತ್ತಾರೆ? ನೆಲಕ್ಕೆ ಹೆಜ್ಜೆ ಗುರುತು ಅಂಟಿಸಿದೆವು, ಅದೂ ಆಗಲಿಲ್ಲ. ಎರಡು ವಾರದಲ್ಲಿ ಕಿತ್ತುಬಂದು ಟ್ರಾಲಿ ಚಕ್ರಕ್ಕೆ ಅಂಟಿಕೊಂಡಿತು.

ಕೊನೆಗೆ ಕೆಲಸ ಮಾಡಿದ್ದು ಎರಡು. ಒಂದು, ಕ್ಯೂನ ಬಾಯಿಯನ್ನೇ ಜಾಗ ಬದಲಿಸಿದೆವು. ಪಟ್ಟಿ ಕಂಬಗಳನ್ನು ಸರಿಸಿ, ಕ್ಯೂ ಮೂರನೆಯ ಜಾಗದ ಎದುರು ಬಂದು ತೆರೆಯುವ ಹಾಗೆ ಮಾಡಿದೆವು. ಆಗ ಜನ ತಾವಾಗಿ ಎರಡೂ ಕಡೆ ಹಂಚಿಹೋದರು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇನ್ನೊಂದು, ಪ್ರತಿ ಪೀಕ್ ಶುರುವಾಗುವಾಗ ಮೊದಲನೆಯ ಜಾಗವನ್ನು ಸ್ವಲ್ಪ ಹೊತ್ತು ಮುಚ್ಚಿಡುವುದು. ಎಷ್ಟು ಹೊತ್ತು, ಯಾವುದನ್ನು ನೋಡಿ ತೆರೆಯಬೇಕು ಅನ್ನುವುದರಲ್ಲೇ ಎಲ್ಲ ಇರುವುದು. ಅದನ್ನು ಇಲ್ಲಿ ಬರೆಯಲ್ಲ. ನಮ್ಮಲ್ಲಿಗೆ ಬಂದರೆ ನಿಲ್ಲಿಸಿ ತೋರಿಸುತ್ತೇನೆ.

ಬೋರ್ಡಿನ ಬದಲು ಒಂದು ನಿಜವಾದ ಟ್ರೇ ಇಟ್ಟೆವು. ಕ್ಯೂನ ತಿರುವಿನಲ್ಲಿ, ಕಣ್ಣಿನ ಮಟ್ಟಕ್ಕೆ, ಸ್ವಲ್ಪ ಓರೆಯಾಗಿ. ಅದರಲ್ಲಿ ಹಳೆಯ ಲ್ಯಾಪ್‌ಟಾಪ್, ಪವರ್ ಬ್ಯಾಂಕ್, ಚಾರ್ಜರ್, ಬೆಲ್ಟು, ಪರ್ಸು, ಎಲ್ಲ ಅಂಟಿಸಿದ್ದು. ಬಡಗಿಗೆ ಕೊಟ್ಟದ್ದೂ ಸೇರಿ ಒಂದಕ್ಕೆ ಎರಡು ಸಾವಿರ ಬಿತ್ತು. ಅದನ್ನು ನೋಡಿದ ಕೂಡಲೇ ಜನ ಕ್ಯೂನಲ್ಲೇ ಬೆಲ್ಟಿಗೆ ಕೈ ಹಾಕುತ್ತಾರೆ. ಮಕ್ಕಳು ಅಪ್ಪನಿಗೆ ಹೇಳಿಕೊಡುತ್ತಾರೆ. ಒಬ್ಬರು ತಲಾ ಮೂರು ಟ್ರೇ ಬಳಸುತ್ತಿದ್ದದ್ದು ಎರಡಕ್ಕೆ ಸ್ವಲ್ಪ ಮೇಲೆ ಬಂದು ನಿಂತಿತು.

ಟ್ರೇ ಅಂದಾಗ ಇನ್ನೊಂದು ನೆನಪಾಯಿತು. ಬ್ಯಾಗಿನ ಪಟ್ಟಿ ಟ್ರೇಯಿಂದ ಹೊರಗೆ ಜೋತುಬಿದ್ದು ರೋಲರಿಗೆ ಸಿಕ್ಕಿಕೊಳ್ಳುವ ತೊಂದರೆ ನಿಮ್ಮೆಲ್ಲರಿಗೂ ಇದೆ. ನಮ್ಮಲ್ಲಿ ಒಂದು ಶಿಫ್ಟಿಗೆ ಆರೇಳು ಸಲ ಲೇನ್ ನಿಲ್ಲುತ್ತಿತ್ತು. ಕಂಪನಿಯವರು ಒಂದು ಬಿಡಿಭಾಗಕ್ಕೆ ಲೇನಿಗೆ 90 ಸಾವಿರ ಕೇಳಿದರು. ನಮ್ಮ ಮೆಕ್ಯಾನಿಕ್ ಹುಡುಗ ಟ್ರ್ಯಾಕ್ಟರ್ ಶೆಡ್ಡಿನಲ್ಲಿ ಕಲಿತವನು. ರಬ್ಬರ್ ತುಂಡಿನಿಂದ ಏನೋ ಒಂದು ಮಾಡಿದ. ಕಂಪನಿಯವರಿಗೆ ತೋರಿಸಿ, ಒಪ್ಪಿಗೆ ಬರೆಸಿಕೊಂಡು ಹಾಕಿದೆವು. ಈಗ ವಾರಕ್ಕೆ ಒಂದು ಸಲ ನಿಂತರೆ ಹೆಚ್ಚು. ಅದು ಅವನ ಸ್ವಂತ ಬುದ್ಧಿ, ಹಾಗಾಗಿ ಅದರ ಆಕಾರ ನಾನು ಹೇಳಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಗಂಟೆಗೆ ಎಷ್ಟಾಯಿತು? 165. ಅಷ್ಟೇ. ಟ್ರೇಗಳು ಸರಸರ ಹೋಗುತ್ತಿದ್ದವು, ಜನ ಹೋಗುತ್ತಿರಲಿಲ್ಲ. ಆಚೆ ಕಡೆ ಟ್ರೇ ತುಂಬಿಕೊಂಡು, ಇಡಲು ಜಾಗ ಇಲ್ಲದೆ ಬೆಲ್ಟು ತಾನೇ ನಿಂತುಬಿಡುತ್ತಿತ್ತು. ಆ ಎರಡು ತಿಂಗಳು ನನಗೆ ಸರಿಯಾಗಿ ನಿದ್ದೆ ಇರಲಿಲ್ಲ. ಎಕ್ಸ್‌ರೇ ನೋಡುವವರ ಮೇಲೆ ಅನುಮಾನ ಬಂತು. ಇಪ್ಪತ್ತು ನಿಮಿಷಕ್ಕೊಮ್ಮೆ ಅವರು ಸೀಟು ಬದಲಿಸುವಾಗ ಮೂರೂ ಲೇನ್ ಒಟ್ಟಿಗೆ ನಿಲ್ಲುತ್ತಿತ್ತು. ಅದನ್ನು ಏಳು ನಿಮಿಷದ ಅಂತರದಲ್ಲಿ ಹಂಚಿದೆವು. ಸ್ವಲ್ಪ ಸುಧಾರಿಸಿತು, ಆದರೆ ರೋಗ ಅಲ್ಲಿ ಇರಲಿಲ್ಲ.

ಒಂದು ಬೆಳಿಗ್ಗೆ ನಾನು ಟ್ರೇ ನೋಡುವುದು ಬಿಟ್ಟು, ಟ್ರೇಯ ಮಾಲೀಕರು ಎಲ್ಲಿದ್ದಾರೆ ಅಂತ ನೋಡಿದೆ. ಹೆಂಗಸರ ಫ್ರಿಸ್ಕಿಂಗ್ (ಮೈ ತಡವಿ ನೋಡುವ) ಬೂತಿನ ಮುಂದೆ ಇಪ್ಪತ್ತೈದು ಜನ ನಿಂತಿದ್ದರು. ಅವರ ಬ್ಯಾಗುಗಳೆಲ್ಲ ಆಚೆ ಬಂದು ಕೂತಿದ್ದವು. ಗಂಡಂದಿರು ಬ್ಯಾಗ್ ತೆಗೆದುಕೊಳ್ಳದೆ ಹೆಂಡತಿಗೆ ಕಾಯುತ್ತ ಅಲ್ಲೇ ನಿಂತಿದ್ದರು. ಎಲ್ಲ ಅಲ್ಲೇ ಕಟ್ಟಿಕೊಂಡಿತ್ತು.

ಲೆಕ್ಕ ಹಾಕಿ ನೋಡಿ. ಬೂತಿನ ಒಳಗೆ ಹೋಗಿ, ಪರದೆ ಎಳೆದು, ನೋಡಿ ಹೊರಗೆ ಬರಲು ಒಬ್ಬರಿಗೆ 35 ಸೆಕೆಂಡ್. ಒಂದು ಬೂತಿಗೆ ಗಂಟೆಗೆ ನೂರು ಜನ. ಆ ಹೊತ್ತಿಗೆ ನಡೆಯುತ್ತಿದ್ದದ್ದು ಎರಡೇ ಬೂತು. ಬೆಳಗಿನ ನಮ್ಮ ಪ್ರಯಾಣಿಕರಲ್ಲಿ ನೂರಕ್ಕೆ ನಲವತ್ತು ಹೆಂಗಸರು. ಇನ್ನೂರು ಹೆಂಗಸರು ದಾಟುವ ಕಡೆ ಒಟ್ಟು ಜನ ಐನೂರು ದಾಟಬಹುದು, ಅದಕ್ಕಿಂತ ಒಬ್ಬರೂ ಜಾಸ್ತಿ ಇಲ್ಲ. ನಮಗೆ ಸಿಗುತ್ತಿದ್ದದ್ದು 495! ಅಟ್ಲಾಂಟಾದಲ್ಲಿ ಎಲ್ಲರನ್ನೂ ಹೀಗೆ ನೋಡುವುದಿಲ್ಲ. ಬಾಡಿ ಸ್ಕ್ಯಾನರ್ ಇರುತ್ತದೆ, ಅಲಾರಂ ಬಂದವರನ್ನು ಮಾತ್ರ ತಡೆಯುತ್ತಾರೆ. ನಮ್ಮಲ್ಲಿ ಡಿಎಫ್‌ಎಂಡಿ (ಬಾಗಿಲಿನ ಆಕಾರದ ಮೆಟಲ್ ಡಿಟೆಕ್ಟರ್) ದಾಟಿದ ಪ್ರತಿಯೊಬ್ಬರಿಗೂ ಫ್ರಿಸ್ಕಿಂಗ್ ಇದೆ. ನಾವು ಅವರ ಲೇನ್ ತಂದೆವು, ಬ್ಯಾಗಿನ ದಾರಿ ಅಗಲ ಮಾಡಿದೆವು, ಮನುಷ್ಯರ ದಾರಿ ಹಾಗೇ ಬಿಟ್ಟೆವು. ಕನ್ಸಲ್ಟೆಂಟ್ ಕೊಟ್ಟ ದಪ್ಪ ವರದಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಬೂತು ಇನ್ನೆರಡು ನಿಲ್ಲಿಸುವುದು ಸುಲಭ. ಪ್ಲೈವುಡ್, ಪರದೆ, ದೀಪ, ಸಣ್ಣ ಫ್ಯಾನು ಎಲ್ಲ ಸೇರಿ ಎರಡಕ್ಕೆ ಒಂದು ಲಕ್ಷ ಹತ್ತು ಸಾವಿರ. ಒಳಗೆ ನಿಲ್ಲಲು ಮಹಿಳಾ ಸಿಬ್ಬಂದಿ ಬೇಕಲ್ಲ? ಅದು ನನ್ನ ಕೈಯಲ್ಲಿ ಇರಲಿಲ್ಲ. ಹೊಸ ಹುದ್ದೆ ಕೇಳಿದರೆ ವರ್ಷಗಟ್ಟಲೆ ಕಾಗದ ಓಡಾಡುತ್ತದೆ. ಭದ್ರತಾ ಪಡೆಯ ಇನ್‌ಸ್ಪೆಕ್ಟರ್ ಮೇಡಂ ಹತ್ತಿರ ಹೋಗಿ ಕೂತೆ. ಮಧ್ಯಾಹ್ನದ ಶಿಫ್ಟಿನಲ್ಲಿ ಕೆಲಸ ಕಡಿಮೆ, ಅಲ್ಲಿಂದ ನಾಲ್ಕು ಜನರನ್ನು ಬೆಳಿಗ್ಗೆಗೆ ತರಬಹುದಾ ಅಂತ ಕೇಳಿದೆ. ಅವರು ಮನಸ್ಸು ಮಾಡಿದರು, ಮೇಲಿನವರನ್ನೂ ಒಪ್ಪಿಸಿದರು. ಆದರೂ ಆ ನಾಲ್ವರು ಬೂತಿಗೆ ಬರುವಾಗ ಐದೂ ಮುಕ್ಕಾಲು ಆಗುತ್ತಿತ್ತು. ನಮ್ಮ ಜನಸಾಗರ ಶುರುವಾಗುವುದು ನಾಲ್ಕೂ ಮುಕ್ಕಾಲಿಗೆ. ನಾನು ಮನಸ್ಸಿನಲ್ಲೇ ಬೈದುಕೊಂಡೆ. ಒಂದು ದಿನ ವಿಜಯಪುರದ ಕಡೆಯ ಒಬ್ಬ ಕಾನ್‌ಸ್ಟೆಬಲ್ ಹುಡುಗಿಯನ್ನು ಕೇಳಿಯೇ ಬಿಟ್ಟೆ, ಯಾಕಮ್ಮ ತಡ ಅಂತ. "ಸರ, ಗಾಡೀನ ಐದೂವರಿಗೆ ಬರ್ತದ್ರಿ. ಗಾಡಿ ಲಗೂನ ಬಂದ್ರ ನಾವೂ ಲಗೂನ ಬರ್ತೀವ್ರಿ" ಅಂದಳು.

ಅಷ್ಟೇ ಇದ್ದದ್ದು. ಕ್ವಾರ್ಟರ್ಸಿನಿಂದ ಬರುವ ವ್ಯಾನಿನ ಸಮಯ! ನಮ್ಮ ಖರ್ಚಿನಲ್ಲಿ ಒಂದು ಟೆಂಪೋ ಟ್ರಾವೆಲರ್ ಗೊತ್ತುಮಾಡಿದೆವು, ತಿಂಗಳಿಗೆ 38 ಸಾವಿರ. ನಾಲ್ಕು ಗಂಟೆಗೆ ಅಲ್ಲಿಂದ ಹೊರಡುತ್ತದೆ. ಬಂದವರಿಗೆ ಬಿಸಿ ಟೀ, ಬಿಸ್ಕತ್ತು. ಮೊದಲ ವಾರದಲ್ಲೇ ಲೇನಿಗೆ 210 ದಾಟಿತು. ಗೋಡೆ ಒಡೆಯಲು ಟೆಂಡರ್ ತಯಾರಾಗಿತ್ತು, ಅದನ್ನು ಪಕ್ಕಕ್ಕೆ ಇಟ್ಟರು. ಹದಿನೇಳು ವರ್ಷದಲ್ಲಿ ನಾನು ಮಾಡಿದ ಅತಿ ಒಳ್ಳೆಯ ಕೆಲಸ ಆ ಗಾಡಿ ಅಂತ ನನ್ನ ಹೆಂಡತಿ ಹತ್ತಿರ ಎಷ್ಟೋ ಸಲ ಹೇಳಿದ್ದೇನೆ.

210ರಿಂದ 240ಕ್ಕೆ ಏರಲು ಮತ್ತೆ ನಾಲ್ಕು ತಿಂಗಳು ಬೇಕಾಯಿತು. ಅದರಲ್ಲಿ ಅರ್ಧ ರಿಜೆಕ್ಟ್ ಬ್ಯಾಗಿನದ್ದು. ಪಕ್ಕದ ಬೆಲ್ಟಿಗೆ ಹೊರಳುವುದು ಒಳ್ಳೆಯದೇ, ಆದರೆ ಆ ಬೆಲ್ಟು ತುಂಬಿದರೆ ಅದೂ ನಿಲ್ಲುತ್ತದೆ. ನಮ್ಮಲ್ಲಿ ನೂರಕ್ಕೆ ಇಪ್ಪತ್ತೆಂಟು ಬ್ಯಾಗ್ ಹೊರಳುತ್ತಿದ್ದವು. ಏನಿರುತ್ತದೆ ಅಂತ ಒಂದು ತಿಂಗಳು ಪುಸ್ತಕದಲ್ಲಿ ಬರೆಸಿದೆ. ಚಾರ್ಜರ್ ಗೊಂಚಲು, ಪವರ್ ಬ್ಯಾಂಕ್, ಲೈಟರ್ ಮೊದಲ ಮೂರು. ನಾಲ್ಕನೆಯದು ಕೊಬ್ಬರಿ. ತಿಪಟೂರಿನ ಕಡೆಯ ಅಜ್ಜಿ ದೂರದ ಊರಿನ ಮಗಳಿಗೆ ಅಂತ ಎರಡು ಕೆಜಿ ಕೊಬ್ಬರಿ ಬಟ್ಟಲು ಕಟ್ಟಿಕೊಂಡು ಬಂದಿರುತ್ತಾರೆ. ಅದರಲ್ಲಿ ಎಣ್ಣೆ ಜಾಸ್ತಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು, ಅದಕ್ಕೆ ಬಿಡುವುದಿಲ್ಲ. ಕಾರಣ ಹೇಳದೆ ಕಿತ್ತುಕೊಂಡರೆ ಅಜ್ಜಿ ಅಳುತ್ತಾರೆ, ಲೇನ್ ನಿಲ್ಲುತ್ತದೆ. ಈಗ ಚೆಕ್-ಇನ್ ಹತ್ತಿರವೇ ನಮ್ಮ ಹುಡುಗಿಯರು ಕನ್ನಡದಲ್ಲಿ ವಿಚಾರಿಸುತ್ತಾರೆ, ಬಿಡಲು ಬಂದ ಮನೆಯವರ ಕೈಗೆ ವಾಪಸ್ ಕೊಡಿಸುತ್ತಾರೆ. ಮಾದರಿ ಟ್ರೇಯ ಪಕ್ಕದಲ್ಲೂ ಒಂದು ಕೊಬ್ಬರಿ ಬಟ್ಟಲು ಇಟ್ಟು ಅಡ್ಡಗೆರೆ ಹಾಕಿದ್ದೇವೆ. ರಿಜೆಕ್ಟ್ ಹದಿನೇಳರ ಹತ್ತಿರ ಇಳಿದಿದೆ. ಇದಕ್ಕಿಂತ ಇಳಿಸಲು ಸಿಟಿ ಮಷೀನ್, ಅಂದರೆ ಬ್ಯಾಗಿನ ಒಳಗನ್ನು ಎಲ್ಲ ಕಡೆಯಿಂದ ತೋರಿಸುವ ಸ್ಕ್ಯಾನರ್, ಬೇಕು. ಅದು ಬಂದರೆ ಲ್ಯಾಪ್‌ಟಾಪ್ ತೆಗೆಸುವ ಕೆಲಸವೇ ಇರುವುದಿಲ್ಲ, ಆದರೆ ಅದರ ತೂಕಕ್ಕೆ ನಮ್ಮ ನೆಲ ಒಪ್ಪುತ್ತದಾ ಅಂತ ಇನ್ನೂ ನೋಡಬೇಕು.

ಉಳಿದ ಅರ್ಧ ಬೆಂಚಿನದ್ದು. ಜನ ಬೆಲ್ಟಿನ ತುದಿಯಲ್ಲೇ ನಿಂತು ಬೆಲ್ಟು ಕಟ್ಟಿಕೊಳ್ಳುತ್ತಿದ್ದರು, ಬಳೆ ಹಾಕಿಕೊಳ್ಳುತ್ತಿದ್ದರು. ಮದುವೆ ಸೀಸನ್‌ನಲ್ಲಿ ಕೇಳುವುದೇ ಬೇಡ. ಬೆಂಚು ಹಾಕಿದರೆ ಹೋಗುತ್ತಾರೆ ಅಂದುಕೊಂಡು ಎರಡು ಹೆಜ್ಜೆ ದೂರದಲ್ಲಿ ಹಾಕಿದೆ. ಕೆಟ್ಟಿತು. ಟ್ರೇ ಅಲ್ಲೇ ಬಿಟ್ಟು ಕೂತು, ಒಂದೊಂದೇ ಸಾಮಾನು ಬಂದು ತೆಗೆದುಕೊಂಡು ಹೋಗುತ್ತಿದ್ದರು. ಬೆಂಚನ್ನು ಆರು ಮೀಟರ್ ದೂರಕ್ಕೆ ಒಯ್ದು, ಅದರ ಮೇಲೆ ಒಂದು ಕನ್ನಡಿ ನೇತುಹಾಕಿದೆವು. ಈಗ ಕನ್ನಡಿ ಕಂಡವರು ಎಲ್ಲ ಸಾಮಾನು ಬಾಚಿಕೊಂಡು ನೇರ ಅಲ್ಲಿಗೆ ನಡೆಯುತ್ತಾರೆ. ಕನ್ನಡಿಗೆ 1,400 ರೂಪಾಯಿ. ಒಟ್ಟಿಗೆ, ವ್ಯರ್ಥವಾದ ಬೋರ್ಡುಗಳೂ ಒಂದು ವರ್ಷದ ಗಾಡಿ ಬಾಡಿಗೆಯೂ ಸೇರಿ, ಹನ್ನೊಂದು ಲಕ್ಷದ ಸುತ್ತಮುತ್ತ ಖರ್ಚಾಗಿರಬಹುದು. ನಾಲ್ಕನೆಯ ಲೇನಿನ ಅಂದಾಜು ಕೋಟಿಗಳಲ್ಲಿತ್ತು.

ಈಗ ನನ್ನ ತಲೆಯಲ್ಲಿ ಇರುವುದು ಇರುಮುಡಿ. 2024ರ ಅಕ್ಟೋಬರಿನಲ್ಲಿ ವಿಮಾನಯಾನ ಭದ್ರತೆಯ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಬಿಸಿಎಎಸ್, ಶಬರಿಮಲೆಗೆ ಹೋಗುವವರು ಇರುಮುಡಿಯ ತೆಂಗಿನಕಾಯಿಯನ್ನು ಕ್ಯಾಬಿನ್ ಒಳಗೇ ಒಯ್ಯಲು ಅವಕಾಶ ಕೊಟ್ಟಿತು, 2025ರ ಜನವರಿ 20ರವರೆಗೆ ಅಂತ. ಅದು ಬಹಳ ಒಳ್ಳೆಯ ತೀರ್ಮಾನ. ಆದರೆ ಆ ಗಂಟನ್ನು ಎಲ್ಲರ ಸಾಮಾನಿನ ಹಾಗೆ ಟ್ರೇಯಲ್ಲಿ ದಬ್ಬಲು ಆಗಲ್ಲ. ಸ್ವಾಮಿಗಳು ಅದನ್ನು ಚಪ್ಪಲಿ ಇಟ್ಟ ಟ್ರೇಯಲ್ಲಿ ಇಡಲು ಒಪ್ಪಲ್ಲ, ಒಪ್ಪಲೂಬಾರದು. ಆ ಸೀಸನ್‌ನಲ್ಲಿ ಒಂದು ಗುಂಪಿನಲ್ಲಿ ನಲವತ್ತು ಜನ ಬಂದರೆ ಲೇನ್ ಹತ್ತು ನಿಮಿಷ ತಡವರಿಸುತ್ತಿತ್ತು. ಇಪ್ಪತ್ತು ಟ್ರೇಗಳಿಗೆ ಬೇರೆ ಬಣ್ಣದ ಪಟ್ಟಿ ಹಚ್ಚಿ, ದಿನಾ ತೊಳೆಸಿ, ಇರುಮುಡಿಗೆ ಮಾತ್ರ ಅಂತ ತೆಗೆದಿಟ್ಟಿದ್ದೇನೆ. ಮೂರನೆಯ ಲೇನಿನ ಐದನೆಯ ಜಾಗ ಅವರಿಗೆ. ಮೊನ್ನೆ ನಮ್ಮ ಲೋಡರ್‌ಗಳಿಗೆ ಗಂಟು ಹಿಡಿಯುವ ರೀತಿ ಹೇಳಿಕೊಡಲು ಊರಿನ ಗುರುಸ್ವಾಮಿಯೊಬ್ಬರನ್ನು ಕರೆಸಿದ್ದೆ. ಅವರು ಟ್ರೇಯನ್ನು ತಿರುಗಿಸಿ ನೋಡಿ, ಒಳಗೆ ಒಂದು ಬಿಳಿ ಬಟ್ಟೆ ಹಾಸಿ ಅಂದರು. ನಾಳೆ ಬಟ್ಟೆ ಅಂಗಡಿಗೆ ಹೋಗಬೇಕು.